ಅರಮನೆಯಂಥ ಹಡಗುಗಳ ಖರ್ಚು ಹೊತ್ತವರು ಯಾರು?

ಓದುಗರೊಬ್ಬರ ಪ್ರಶ್ನೆ: ಟೈಟಾನಿಕ್ ಕಾಲದ ಹಡಗುಗಳ ಹಳೆಯ ಚಿತ್ರಗಳನ್ನು ನೋಡಿದಾಗಲೆಲ್ಲ ಬೆರಗಾಗುತ್ತದೆ. ಕೆತ್ತನೆಯ ಮೆಟ್ಟಿಲುಗಳು, ಈಜುಕೊಳ, ಕುಂಡದಲ್ಲಿ ತಾಳೆ ಗಿಡಗಳು. ಐದಾರು ದಿನಗಳ ಪ್ರಯಾಣಕ್ಕೆ ಇಷ್ಟು ವೈಭವ ಏಕೆ ಬೇಕಿತ್ತು? ನಾಲ್ಕು ಜನ ಸಿರಿವಂತರ ಟಿಕೆಟ್ ಹಣದಿಂದ ಕಂಪನಿಗಳು ಹೇಗೆ ನಡೆದವು? ಆಮೇಲೆ ಅಂಥ ಹಡಗುಗಳು ಏಕೆ ಕಣ್ಮರೆಯಾದವು?

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ನಡುವಿನದಕ್ಕೆ ಉತ್ತರ ಸಿಕ್ಕರೆ ಉಳಿದೆರಡೂ ತಾವಾಗಿಯೇ ಬಿಡಿಸಿಕೊಳ್ಳುತ್ತವೆ, ಹಾಗಾಗಿ ದುಡ್ಡಿನಿಂದಲೇ ಶುರು ಮಾಡುತ್ತೇನೆ. ಹಡಗುಗಳ ಎಂಜಿನ್ ಕೋಣೆಯಲ್ಲಿ ಬಹಳ ವರ್ಷ ದುಡಿದವನು ನಾನು. ಅದಕ್ಕೋ ಏನೋ, ಆ ಹಡಗುಗಳ ಚಿತ್ರ ಕಂಡಾಗ ನನ್ನ ಕಣ್ಣು ಮೆಟ್ಟಿಲಿನ ಕೆತ್ತನೆಯ ಮೇಲೆ ನಿಲ್ಲುವುದಿಲ್ಲ. ಅದರ ಕೆಳಗೆ ಎಷ್ಟು ಅಂತಸ್ತುಗಳಿವೆ, ಅಲ್ಲಿ ಯಾರಿದ್ದರು ಎಂದು ಹುಡುಕುತ್ತದೆ.

ಮೊದಲು ಸರ್ಕಾರದ ಹಣದ ಕಥೆ. 1897ರಲ್ಲಿ ಜರ್ಮನಿಯ ನಾರ್ಡ್‌ಡಾಯ್ಚರ್ ಲಾಯ್ಡ್ ಕಂಪನಿ 'ಕೈಸರ್ ವಿಲ್ಹೆಲ್ಮ್ ಡೆರ್ ಗ್ರೋಸೆ' ಎಂಬ ಹಡಗನ್ನು ನೀರಿಗಿಳಿಸಿತು. ನಾಲ್ಕು ಹೊಗೆಕೊಳವೆಗಳಿದ್ದ ಮೊದಲ ಪ್ರಯಾಣಿಕರ ಹಡಗು ಅದು. ಅಟ್ಲಾಂಟಿಕ್ ಸಾಗರವನ್ನು ಅತಿ ಬೇಗ ದಾಟಿದ ಹಡಗಿಗೆ 'ಬ್ಲೂ ರಿಬಾಂಡ್' ಎಂಬ ಬಿರುದು ಸಲ್ಲುತ್ತಿತ್ತು. ಅಲ್ಲಿಯವರೆಗೆ ತಮ್ಮದೇ ಸ್ವತ್ತು ಎಂದು ಬ್ರಿಟಿಷರು ನಂಬಿದ್ದ ಆ ಬಿರುದು ಜರ್ಮನರ ಪಾಲಾಯಿತು. ಅದರ ಹಿಂದೆಯೇ 1902ರಲ್ಲಿ ಅಮೆರಿಕದ ಬಂಡವಾಳಗಾರ ಜೆ. ಪಿ. ಮಾರ್ಗನ್ ಕಟ್ಟಿದ ಒಕ್ಕೂಟ ಬ್ರಿಟನ್ನಿನ ವೈಟ್ ಸ್ಟಾರ್ ಕಂಪನಿಯನ್ನೇ ಕೊಂಡುಕೊಂಡಿತು. ಮುಂದಿನ ಸರದಿ ಕ್ಯೂನಾರ್ಡ್ ಕಂಪನಿಯದೇ ಎಂಬ ಭಯ ಲಂಡನ್ನಿನಲ್ಲಿ ಹಬ್ಬಿತು. ಕ್ಯೂನಾರ್ಡ್ ಆ ಭಯವನ್ನು ಚೆನ್ನಾಗಿಯೇ ಬಳಸಿಕೊಂಡಿತು. 1903ರ ಒಪ್ಪಂದದಂತೆ ಎರಡು ದೊಡ್ಡ ಹಡಗುಗಳನ್ನು ಕಟ್ಟಲು ಸರ್ಕಾರ 26 ಲಕ್ಷ ಪೌಂಡ್ ಸಾಲ ಕೊಟ್ಟಿತು. ಬಡ್ಡಿ ನೂರಕ್ಕೆ 2.75, ತೀರಿಸಲು 20 ವರ್ಷ. ಇದರ ಮೇಲೆ ವರ್ಷಕ್ಕೆ 1.5 ಲಕ್ಷ ಪೌಂಡ್ ಸಹಾಯಧನ, ಅಂಚೆ ಸಾಗಿಸಿದ್ದಕ್ಕೆ ಬೇರೆ ಹಣ. ಸರ್ಕಾರದ ಕಡೆಯಿಂದ ಮುಖ್ಯ ಷರತ್ತುಗಳು ಇವು: ಕಂಪನಿ ಬ್ರಿಟಿಷರ ಕೈಯಲ್ಲೇ ಉಳಿಯಬೇಕು, ಹಡಗುಗಳು 24.5 ನಾಟ್ (ಗಂಟೆಗೆ ಸುಮಾರು 45 ಕಿಲೋಮೀಟರ್) ವೇಗದಲ್ಲಿ ಓಡಬೇಕು, ಯುದ್ಧ ಬಂದರೆ ತೋಪು ಹೂಡಿ ನೌಕಾಪಡೆಗೆ ಒಪ್ಪಿಸುವಂತಿರಬೇಕು.

ಹೀಗೆ ಹುಟ್ಟಿದವು ಲುಸಿಟಾನಿಯಾ ಮತ್ತು ಮಾರಿಟೇನಿಯಾ. ಎರಡೂ 1907ರಲ್ಲಿ ಮೊದಲ ಯಾನಕ್ಕೆ ಹೊರಟವು. ಗೋಡೆಯ ಮೇಲಿನ ರೇಷ್ಮೆಗೂ ಮರಗೆಲಸಕ್ಕೂ ಬ್ರಿಟನ್ನಿನ ತೆರಿಗೆದಾರನ ಹಣ ಸೇರಿತ್ತು ಎಂಬುದನ್ನು ಆ ಕಾಲದ ಜಾಹೀರಾತುಗಳು ಹೇಳುವುದಿಲ್ಲ. ಹಾಸ್ಯವೆನಿಸಬಹುದು, ಆದರೆ 1914ರಲ್ಲಿ ಯುದ್ಧ ಬಂದಾಗ ಈ ಹಡಗುಗಳು ನುಂಗುವ ಕಲ್ಲಿದ್ದಲಿನ ಲೆಕ್ಕ ನೋಡಿ ನೌಕಾಪಡೆ ಅವುಗಳನ್ನು ಯುದ್ಧನೌಕೆಯಾಗಿ ಬಳಸಲು ಹಿಂಜರಿಯಿತು. ಮಾರಿಟೇನಿಯಾ ಸೈನಿಕರನ್ನು ಸಾಗಿಸಿತು, ಗಾಯಾಳುಗಳ ಆಸ್ಪತ್ರೆಯಾಯಿತು. ಲುಸಿಟಾನಿಯಾ ಪ್ರಯಾಣಿಕರನ್ನೇ ಹೊತ್ತು ಓಡಾಡುತ್ತಿದ್ದಾಗ, 1915ರ ಮೇ 7ರಂದು ಐರ್ಲೆಂಡಿನ ದಕ್ಷಿಣ ತೀರದ ಬಳಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ 18 ನಿಮಿಷಗಳಲ್ಲಿ ಮುಳುಗಿತು. ಸತ್ತವರು ಸುಮಾರು 1,200 ಮಂದಿ.

ಇನ್ನು ಟಿಕೆಟ್ ಹಣ. ಮಾರಿಟೇನಿಯಾದಲ್ಲಿ ಮೊದಲ ದರ್ಜೆಗೆ 563 ಹಾಸಿಗೆ, ಎರಡನೆಯದಕ್ಕೆ 464, ಮೂರನೆಯದಕ್ಕೆ 1,138. ಒಟ್ಟು ಪ್ರಯಾಣಿಕರಲ್ಲಿ ಅರ್ಧಕ್ಕೂ ಹೆಚ್ಚು ಜನ ಮೂರನೇ ದರ್ಜೆಯವರು. ಯುರೋಪಿನ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹೊರಟ ಐರಿಷರು, ಸ್ಕ್ಯಾಂಡಿನೇವಿಯಾದವರು, ಪೋಲೆಂಡಿನವರು, ಯಹೂದಿಗಳು.

'ಮೂರನೇ ದರ್ಜೆಯವರೇ ಇಡೀ ಹಡಗಿನ ಖರ್ಚನ್ನು ಹೊತ್ತರು' ಎಂದು ಅನೇಕರು ಬರೆಯುತ್ತಾರೆ. ಅದನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ, ಒಮ್ಮೆ ಲೆಕ್ಕ ಹಾಕಿ ನೋಡೋಣ. 1912ರ ಟೈಟಾನಿಕ್‌ನಲ್ಲಿ ಮೂರನೇ ದರ್ಜೆಯ ಟಿಕೆಟ್ ಸುಮಾರು 7 ಪೌಂಡ್. ಮೊದಲ ದರ್ಜೆಯ ಸಾಧಾರಣ ಕೋಣೆ 30 ಪೌಂಡಿನ ಆಸುಪಾಸು. ಖಾಸಗಿ ಅಂಗಳವಿದ್ದ ಸೂಟ್‌ನ ಗರಿಷ್ಠ ದರ 870 ಪೌಂಡ್. ನಾಲ್ಕು ಮಂದಿ ವಲಸಿಗರು ಸೇರಿದರೆ ಒಬ್ಬ ಸಾಮಾನ್ಯ ಸಿರಿವಂತನಷ್ಟು ಹಣ. ಪೆಟ್ಟಿಗೆಗೆ ಬಿದ್ದ ಹಣವನ್ನಷ್ಟೇ ಎಣಿಸಿದರೆ, ತುಂಬಿದ ಮೊದಲ ದರ್ಜೆಯೇ ದೊಡ್ಡದು. ಆದರೆ ಆ ನಾಲ್ಕು ಮಂದಿ ಒಂದರ ಮೇಲೊಂದು ಹಾಸಿಗೆಯಿದ್ದ ಒಂದೇ ಸಣ್ಣ ಕೋಣೆಯಲ್ಲಿ ಮಲಗುತ್ತಿದ್ದರು. ಟೈಟಾನಿಕ್‌ನಲ್ಲಿ ಏಳುನೂರಕ್ಕೂ ಹೆಚ್ಚು ಮಂದಿಯ ಇಡೀ ಮೂರನೇ ದರ್ಜೆಗೆ ಇದ್ದ ಸ್ನಾನದ ತೊಟ್ಟಿಗಳು ಎರಡೇ. ಆ ಒಬ್ಬ ಸಿರಿವಂತನಿಗೆ ಮಲಗುವ ಕೋಣೆ, ಊಟದ ಸಭಾಂಗಣ, ಧೂಮಪಾನದ ಕೊಠಡಿ, ನಡೆದಾಡುವ ಅಂಗಳ, ಹತ್ತಾರು ಪರಿಚಾರಕರು, ಹತ್ತು ಬಗೆಯ ಊಟ. ಜೊತೆಗೆ ಸಿರಿವಂತರು ಬೇಸಿಗೆಯಲ್ಲಿ ಮುಗಿಬೀಳುತ್ತಿದ್ದರು, ಚಳಿಗಾಲದಲ್ಲಿ ಮನೆಯಲ್ಲೇ ಇರುತ್ತಿದ್ದರು. ಊರಿನಲ್ಲಿ ಹೊಲವಿಲ್ಲದವನು ಅಷ್ಟೆಲ್ಲ ಋತುಮಾನ ನೋಡುವಂತಿರಲಿಲ್ಲ. ಕಂಪನಿಗಳ ಒಟ್ಟು ವ್ಯವಹಾರಕ್ಕೆ, ಸಾಧಾರಣ ಹಡಗುಗಳನ್ನೂ ಸೇರಿಸಿ ನೋಡಿದರೆ, ನೆಚ್ಚಿಕೊಳ್ಳಬಹುದಾದ ಗಿರಾಕಿ ವಲಸಿಗನೇ. 1907ರಲ್ಲಿ ಒಂದೇ ವರ್ಷ ಅಮೆರಿಕಕ್ಕೆ ಬಂದಿಳಿದ ವಲಸಿಗರು 12 ಲಕ್ಷ 85 ಸಾವಿರ. ಅದೇ ವರ್ಷ ಏಪ್ರಿಲ್ 17ರಂದು ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪದಲ್ಲಿ ಒಂದೇ ದಿನ 11,747 ಜನರ ತಪಾಸಣೆ ನಡೆಯಿತು. ಇಂಥ ಜನಪ್ರವಾಹ ಹರಿಯುತ್ತಿದ್ದಾಗ ಹಡಗು ಕಟ್ಟಲು ಸಾಲ ಕೊಡಲು ಯಾರು ತಾನೆ ಹಿಂಜರಿದಾರು?

ಈ ಜನರನ್ನು ಹಿಡಿದಿಟ್ಟುಕೊಳ್ಳಲು ಕಂಪನಿಗಳು ಎಷ್ಟು ತಲೆ ಓಡಿಸಿದವು ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಸಾಕ್ಷಿಯೊಂದಿದೆ. ಟೈಟಾನಿಕ್‌ನ ಮೂರನೇ ದರ್ಜೆಯ ಊಟದ ಪಟ್ಟಿ. 1912ರ ಏಪ್ರಿಲ್ 14ರದು, ಅಂದರೆ ಹಡಗು ನೀರ್ಗಲ್ಲಿಗೆ ಬಡಿದ ದಿನದ್ದು. ಬೆಳಿಗ್ಗೆ ಓಟ್ಸ್ ಗಂಜಿ ಮತ್ತು ಹಾಲು, ಹೊಗೆಯಲ್ಲಿ ಒಣಗಿಸಿದ ಹೆರಿಂಗ್ ಮೀನು, ಸಿಪ್ಪೆಯೊಂದಿಗೆ ಬೇಯಿಸಿದ ಆಲೂಗಡ್ಡೆ. ಮಧ್ಯಾಹ್ನ ಅಕ್ಕಿಯ ಸೂಪು, ಹುರಿದ ಗೋಮಾಂಸ, ಪ್ಲಮ್ ಪುಡ್ಡಿಂಗ್. ಸಂಜೆ ಬೇಯಿಸಿದ ಅಂಜೂರ ಮತ್ತು ಅನ್ನ. ರಾತ್ರಿ ಮತ್ತೆ ಗಂಜಿ, ಬಿಸ್ಕತ್ತು, ಚೀಸ್. ಊಟ ಚೆನ್ನಾಗಿಲ್ಲದಿದ್ದರೆ, ಸಿಬ್ಬಂದಿ ಒರಟಾಗಿ ನಡೆದುಕೊಂಡರೆ ಕೂಡಲೇ ದೂರು ಕೊಡಿ ಎಂಬ ಸೂಚನೆಯೂ ಅದರಲ್ಲೇ ಅಚ್ಚಾಗಿದೆ. ಈ ಪಟ್ಟಿಯನ್ನು ಅಚ್ಚು ಹಾಕಿದ್ದು ಅಂಚೆ ಕಾರ್ಡಿನ ಮೇಲೆ. ಒಂದು ಬದಿಯಲ್ಲಿ ಇವತ್ತಿನ ಊಟ, ಇನ್ನೊಂದು ಬದಿಯಲ್ಲಿ ವಿಳಾಸ ಬರೆಯುವ ಜಾಗ. ಊರಿನಲ್ಲಿ ಉಳಿದ ತಮ್ಮನಿಗೋ ತಾಯಿಗೋ ಅದನ್ನು ಕಳಿಸಿದರೆ ಮುಂದಿನ ಟಿಕೆಟ್ ಮಾರಾಟವಾದಂತೆಯೇ. ಅಮೆರಿಕದಲ್ಲಿ ನೆಲೆಯೂರಿದವರು ಊರಿನವರಿಗೆ ಮುಂಗಡ ಟಿಕೆಟ್ ಕೊಂಡು ಕಳಿಸುವ ಪದ್ಧತಿಯೂ ಜೋರಾಗಿ ನಡೆಯುತ್ತಿತ್ತು. ಮೂರು ಹೊತ್ತು ಬಿಸಿ ಊಟ, ಬಿಳಿ ಬಟ್ಟೆ ಹಾಸಿದ ಮೇಜು ಜೀವನದಲ್ಲಿ ಮೊದಲ ಸಲ ಹಡಗಿನಲ್ಲೇ ಕಂಡವರು ಎಷ್ಟೋ ಮಂದಿ ಇದ್ದಿರಬೇಕು. ಆ ಕಾರ್ಡನ್ನು ನೆನೆದಾಗಲೆಲ್ಲ ಅವರ ಮುಖಗಳು ನನ್ನ ಕಣ್ಣ ಮುಂದೆ ಬರುತ್ತವೆ.

ಇದರ ಇನ್ನೊಂದು ಮುಖ ಅಷ್ಟು ಹಿತವಾದುದಲ್ಲ. ತಪಾಸಣೆಯಲ್ಲಿ ರೋಗಿ ಎಂದು ತಿರಸ್ಕೃತನಾದವನನ್ನು ತನ್ನದೇ ಖರ್ಚಿನಲ್ಲಿ ಹಡಗಿನ ಕಂಪನಿ ವಾಪಸು ಒಯ್ಯಬೇಕು ಎಂದು ಅಮೆರಿಕ 1891ರಲ್ಲಿ ಕಾನೂನು ಮಾಡಿತು. ಆದ್ದರಿಂದ ಕಂಪನಿಗಳು ಹತ್ತಿಸಿಕೊಳ್ಳುವ ಮೊದಲೇ ಕಣ್ಣುರೆಪ್ಪೆ ಮಡಚಿ ನೋಡುತ್ತಿದ್ದವು, ತಲೆಯಲ್ಲಿ ಹೇನು ಹುಡುಕುತ್ತಿದ್ದವು. ಹ್ಯಾಂಬರ್ಗ್‌ನ ಹಪಾಗ್ ಕಂಪನಿಯ ಮುಖ್ಯಸ್ಥ ಆಲ್ಬರ್ಟ್ ಬಾಲಿನ್ ಅದಕ್ಕೆಂದೇ ಫೆಡೆಲ್ ಎಂಬ ದ್ವೀಪದಲ್ಲಿ ವಲಸಿಗರಿಗಾಗಿ ಸಣ್ಣ ಊರನ್ನೇ ಕಟ್ಟಿಸಿದ. ಮಲಗುವ ಸಾಲುಮನೆ, ಊಟದ ಮನೆ, ಚರ್ಚು, ಯಹೂದಿಗಳಿಗೆ ಪ್ರಾರ್ಥನಾ ಮಂದಿರ, ವೈದ್ಯಕೀಯ ತಪಾಸಣೆ. ಮೊದಲ ಮತ್ತು ಎರಡನೇ ದರ್ಜೆಯವರಿಗೆ ನ್ಯೂಯಾರ್ಕ್‌ನಲ್ಲಿ ಹಡಗಿನ ಮೇಲೆಯೇ ಚುಟುಕು ತಪಾಸಣೆ. ಎಲ್ಲಿಸ್ ದ್ವೀಪದ ಸರತಿ ಸಾಲು ಮೂರನೇ ದರ್ಜೆಯವರಿಗೆ ಮಾತ್ರ.

ಅದೇ ಬಾಲಿನ್‌ನಿಂದಲೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ. ವೇಗದ ಪೈಪೋಟಿಯಲ್ಲಿ ಹಪಾಗ್ 1900ರಲ್ಲಿ 'ಡಾಯ್ಚ್‌ಲಾಂಡ್' ಎಂಬ ಹಡಗು ಕಟ್ಟಿ ದಾಖಲೆಯನ್ನೂ ಮಾಡಿತ್ತು. ಆದರೆ ಎಂಜಿನ್ನಿನ ನಡುಕ ತಡೆಯಲಾಗದೆ ಪ್ರಯಾಣಿಕರು ಬೇಸತ್ತರು. ವೇಗ ಹೆಚ್ಚಿಸಿದಷ್ಟೂ ಕಲ್ಲಿದ್ದಲಿನ ಖರ್ಚು ಅದಕ್ಕಿಂತ ಬೇಗ ಏರುತ್ತದೆ; ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ಗೊತ್ತು. ಒಂದೆರಡು ನಾಟ್ ಹೆಚ್ಚಿಗಾಗಿ ನೂರಾರು ಟನ್ ಸುಡುವ ಬದಲು ಆ ಜಾಗವನ್ನೂ ಹಣವನ್ನೂ ಸುಖಕ್ಕೆ ಹಾಕೋಣ ಎಂದು ಬಾಲಿನ್ ತೀರ್ಮಾನಿಸಿದ. 1905ರ 'ಅಮೆರಿಕಾ' ಹಡಗಿಗೆ ಪ್ಯಾರಿಸ್‌ನ ರಿಟ್ಜ್ ಹೋಟೆಲ್ ವಿನ್ಯಾಸ ಮಾಡಿದ್ದ ಶಾರ್ಲ್ ಮೆವೆಸ್‌ನನ್ನು ಕರೆತಂದ. ಬೇಕಾದ ಹೊತ್ತಿಗೆ ಬೇಕಾದುದನ್ನು ತರಿಸಿಕೊಂಡು ತಿನ್ನುವ ರಿಟ್ಜ್ ಹೆಸರಿನ ಭೋಜನಶಾಲೆ ಅದರಲ್ಲಿತ್ತು. ವೈಟ್ ಸ್ಟಾರ್ ಕೂಡ ಅದೇ ದಾರಿ ಹಿಡಿಯಿತು. ಒಲಿಂಪಿಕ್, ಟೈಟಾನಿಕ್, ಬ್ರಿಟಾನಿಕ್ ಹಡಗುಗಳು ಕ್ಯೂನಾರ್ಡ್‌ನ ಜೋಡಿಗಿಂತ ನಿಧಾನ, ಆದರೆ ಒಂದೂವರೆ ಪಟ್ಟು ದೊಡ್ಡವು.

ಅಟ್ಲಾಂಟಿಕ್ ಸಾಗರ ಪ್ರಯಾಣಿಕನ ಸ್ನೇಹಿತನಲ್ಲ ಎಂಬುದನ್ನೂ ಮರೆಯಬಾರದು. ಹೊಟ್ಟೆ ತೊಳಸುತ್ತಿದ್ದರೂ ತಾನು ಹಡಗಿನಲ್ಲಿದ್ದೇನೆ ಎಂಬುದು ಮರೆಯುವಂತೆ ಮಾಡುವುದೇ ಆ ಅಲಂಕಾರದ ಉದ್ದೇಶ. ಮಾರಿಟೇನಿಯಾದ ಒಳಾಂಗಣಕ್ಕೆ 28 ಬಗೆಯ ಮರ ಬಳಸಿದ್ದರು. ಹಪಾಗ್‌ನ 1914ರ 'ಫಾಟರ್‌ಲಾಂಡ್' ಹಡಗಿನಲ್ಲಂತೂ ಹೊಗೆಕೊಳವೆಗಳಿಗೆ ಹೋಗುವ ಮಾರ್ಗವನ್ನೇ ಎರಡಾಗಿ ಸೀಳಿ ಹಡಗಿನ ಎರಡು ಬದಿಗೆ ಸರಿಸಿ, ನಡುವೆ ಅಡ್ಡಿಯಿಲ್ಲದ ಉದ್ದನೆಯ ಸಭಾಂಗಣಗಳನ್ನು ಮಾಡಿದ್ದರು. ಎಂಜಿನಿಯರನಾಗಿ ನಾನು ಮೆಚ್ಚುವ ಕೆಲಸವದು. ಅದರ ಅಕ್ಕ 'ಇಂಪೆರಾಟರ್'ನಲ್ಲಿ ಮಾತ್ರ ಅತಿಯಾಸೆ ಗತಿಗೆಡಿಸಿತು. ಮೇಲೆ ಅಮೃತಶಿಲೆ, ಭಾರದ ಪೀಠೋಪಕರಣ ತುಂಬಿ ಹಡಗು ಅತ್ತಿತ್ತ ವಾಲತೊಡಗಿದಾಗ, ಮೇಲಿನ ಭಾರ ಇಳಿಸಿ ತಳದಲ್ಲಿ ಸಿಮೆಂಟು ಸುರಿಯಬೇಕಾಯಿತು. ಹೊಗೆಕೊಳವೆಗಳ ಸಂಖ್ಯೆಯಲ್ಲೂ ಪ್ರದರ್ಶನವಿತ್ತು. ನಾಲ್ಕಿದ್ದರೆ ಹಡಗು ಗಟ್ಟಿ ಎಂದು ಜನ ನಂಬಿದ್ದರು. ಟೈಟಾನಿಕ್‌ನ ನಾಲ್ಕನೆಯದು ಬಾಯ್ಲರ್‌ನ ಹೊಗೆಗಾಗಿ ಇದ್ದುದಲ್ಲ, ಮುಖ್ಯವಾಗಿ ಗಾಳಿ ಹೊರಬಿಡಲು ಇದ್ದುದು.

ಈಗ ಎಲ್ಲಕ್ಕಿಂತ ಕೆಳಗೆ ಇಳಿಯೋಣ. ಮಾರಿಟೇನಿಯಾದಲ್ಲಿ 25 ಬಾಯ್ಲರ್, 192 ಒಲೆಗಳು. ದಿನಕ್ಕೆ ಸುಮಾರು 1,000 ಟನ್ ಕಲ್ಲಿದ್ದಲು. ಅಷ್ಟನ್ನೂ ಒಲೆಗೆ ಎಸೆಯುತ್ತಿದ್ದವರು ಸುಮಾರು 200 ಮಂದಿ, ಅಂದರೆ ಒಬ್ಬೊಬ್ಬನ ಪಾಲಿಗೆ ದಿನಕ್ಕೆ 5 ಟನ್. ಉಗ್ರಾಣದಿಂದ ಒಂಟಿಗಾಲಿಯ ತಳ್ಳುಗಾಡಿಯಲ್ಲಿ ಕಲ್ಲಿದ್ದಲು ತಂದು ಸುರಿಯುವವರು ಬೇರೆ, ಇನ್ನೂ ನೂರಕ್ಕೂ ಹೆಚ್ಚು ಮಂದಿ. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಒಲೆಯ ಬಾಗಿಲು ತೆರೆಯಬೇಕು, ಮುಖಕ್ಕೆ ಬಡಿಯುವ ಝಳದಲ್ಲಿ ಸಲಿಕೆ ಬೀಸಿ ಕಲ್ಲಿದ್ದಲನ್ನು ಒಳಗೆ ಸಮನಾಗಿ ಹರಡಬೇಕು, ಉದ್ದನೆಯ ಕಬ್ಬಿಣದ ಸರಳಿನಿಂದ ಕರಗಿ ಅಂಟಿದ ಕಿಟ್ಟವನ್ನು ಎಬ್ಬಿಸಬೇಕು, ಬಾಗಿಲು ಮುಚ್ಚಬೇಕು. ಹಡಗು ತೂಗುತ್ತಿರುವಾಗ ಕಾಲು ಜಾರಿದರೆ ಹಿಡಿದುಕೊಳ್ಳಲು ಸಿಗುವುದು ಕಾದ ಕಬ್ಬಿಣ. ಒಲಿಂಪಿಕ್ ವರ್ಗದ ಹಡಗುಗಳಲ್ಲಿ, ಈಗ ಯಾವ ಒಲೆಗೆ ಹಾಕಬೇಕು ಎಂದು ಗಂಟೆ ಬಾರಿಸಿ ಸಂಖ್ಯೆ ತೋರಿಸುವ ಯಂತ್ರವಿತ್ತು. ಆ ಗಂಟೆಗೆ ತಕ್ಕಂತೆ ಮೈ ಬಗ್ಗಬೇಕು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಎಲ್ಲ ಡೀಸೆಲ್. ಆದರೂ ಕೆಂಪು ಸಮುದ್ರದಲ್ಲಿ ಎಂಜಿನ್ ಕೋಣೆಯ ಸೆಕೆಗೆ ಕಣ್ಣು ಕತ್ತಲೆ ಬಂದ ದಿನಗಳು ನನಗೆ ನೆನಪಿವೆ. ಸಲಿಕೆ ಹಿಡಿದು ಆ ಬೆಂಕಿಯ ಮುಂದೆ ನಿಂತವರನ್ನು ಕುರಿತು ಹಗುರವಾಗಿ ಮಾತಾಡಲು ನನ್ನಿಂದಾಗದು.

ಹಡಗು ಬಂದರಿಗೆ ಬಂದಾಗ ಕಲ್ಲಿದ್ದಲು ತುಂಬುವುದೇ ದೊಡ್ಡ ಕಾಮಗಾರಿ. ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿ, ಗಾಳಿ ಬರುವ ಬಾಯಿಗಳಿಗೆ ಬಟ್ಟೆ ಕಟ್ಟಿದರೂ ಕರಿ ಧೂಳು ಸಂದಿಗೊಂದಿಯಲ್ಲೆಲ್ಲ ಸೇರುತ್ತಿತ್ತು. ಅದನ್ನೆಲ್ಲ ಒರೆಸಿ, ರತ್ನಗಂಬಳಿ ಹಾಸಿ, ಹೂವಿಟ್ಟ ಮೇಲೆಯೇ ಮೊದಲ ದರ್ಜೆಯವರು ಹತ್ತುತ್ತಿದ್ದರು.

ಮಾರಿಟೇನಿಯಾದ ಓಟಕ್ಕೆ ಕಾರಣ ಟರ್ಬೈನ್, ಅಂದರೆ ಹಬೆಯ ರಭಸದಿಂದ ಅಲಗುಗಳ ಚಕ್ರವನ್ನು ನೇರವಾಗಿ ತಿರುಗಿಸುವ ಎಂಜಿನ್. ಚಾರ್ಲ್ಸ್ ಪಾರ್ಸನ್ಸ್ 1897ರಲ್ಲಿ ತನ್ನ 'ಟರ್ಬಿನಿಯಾ' ಎಂಬ ಪುಟ್ಟ ದೋಣಿಯನ್ನು ಸ್ಪಿಟ್‌ಹೆಡ್‌ನಲ್ಲಿ ನೆರೆದಿದ್ದ ನೌಕಾಪಡೆಯ ಸಾಲಿನ ನಡುವೆ ಓಡಿಸಿ ತೋರಿಸಿದ್ದ. ಹತ್ತೇ ವರ್ಷಗಳಲ್ಲಿ ಅದೇ ತತ್ವ 790 ಅಡಿ ಉದ್ದದ ಹಡಗನ್ನು ತಳ್ಳುತ್ತಿತ್ತು. 1909ರಲ್ಲಿ 26 ನಾಟ್, ಅಂದರೆ ಗಂಟೆಗೆ 48 ಕಿಲೋಮೀಟರ್ ಸರಾಸರಿಯಲ್ಲಿ ಮಾರಿಟೇನಿಯಾ ಮಾಡಿದ ದಾಖಲೆ 20 ವರ್ಷ ಉಳಿಯಿತು.

ಟೈಟಾನಿಕ್ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಹೇಳುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟು. ಹಡಗಿನಲ್ಲಿದ್ದವರು ಸುಮಾರು 2,200 ಮಂದಿ, 20 ರಕ್ಷಣಾ ದೋಣಿಗಳಲ್ಲಿ ಜಾಗವಿದ್ದುದು 1,178 ಜನರಿಗೆ. ಅದು ಕಾನೂನು ಕೇಳುತ್ತಿದ್ದುದಕ್ಕಿಂತ ಹೆಚ್ಚೇ, ಏಕೆಂದರೆ 10,000 ಟನ್ ಮೀರಿದ ಎಲ್ಲ ಹಡಗಿಗೂ 16 ದೋಣಿ ಸಾಕು ಎಂಬ ಹಳೆಯ ನಿಯಮವೇ ಇತ್ತು. ಬದುಕಿದವರು ಮೊದಲ ದರ್ಜೆಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು, ಮೂರನೆಯದರಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು. ಅಂಚೆಯ ಗುಮಾಸ್ತರು ಐವರು ನೀರು ನುಗ್ಗುತ್ತಿದ್ದ ಕೋಣೆಯಿಂದ ಚೀಲಗಳನ್ನು ಮೇಲೆ ಎಳೆಯುತ್ತಲೇ ಇದ್ದರು, ಒಬ್ಬರೂ ಉಳಿಯಲಿಲ್ಲ. ಆ ಹಡಗಿನಲ್ಲಿ ಭಾರತದಿಂದ ಹೊರಟವರೂ ಇದ್ದರು. ಗುಂಟೂರಿನಲ್ಲಿ ಹುಟ್ಟಿದ 12 ವರ್ಷದ ರೂತ್ ಬೆಕರ್, ಕಾಯಿಲೆಯ ತಮ್ಮನಿಗೆ ಚಿಕಿತ್ಸೆ ಕೊಡಿಸಲು ಹೊರಟಿದ್ದ ತಾಯಿಯೊಂದಿಗೆ ಎರಡನೇ ದರ್ಜೆಯಲ್ಲಿದ್ದಳು. ಅವರ ಕುಟುಂಬ ಉಳಿಯಿತು. ಛತ್ತೀಸಗಡದ ಜಾಂಜ್‌ಗೀರ್‌ನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಆ್ಯನಿ ಫಂಕ್, ಬ್ರಿಟನ್ನಿನ ಕಲ್ಲಿದ್ದಲು ಮುಷ್ಕರದಿಂದಾಗಿ ಬೇರೆ ಹಡಗಿನ ಟಿಕೆಟ್ ಬದಲಿಸಿ ಟೈಟಾನಿಕ್ ಹತ್ತಿದವರು, ಉಳಿಯಲಿಲ್ಲ.

ನಮ್ಮವರು ವಿಲಾಯತಿಗೆ ಹೋಗುತ್ತಿದ್ದುದು ಬೇರೆ ದಾರಿಯಲ್ಲಿ, ಮುಂಬಯಿಯಿಂದ ಸೂಯೆಜ್ ಕಾಲುವೆಯ ಮೂಲಕ, ಹೆಚ್ಚಾಗಿ ಪಿ ಆ್ಯಂಡ್ ಒ ಕಂಪನಿಯ ಹಡಗುಗಳಲ್ಲಿ. ಅಲ್ಲಿಯೂ ಅಂಚೆಯ ಗುತ್ತಿಗೆಯೇ ಬೆನ್ನೆಲುಬು. ಒಲೆಯ ಮುಂದೆ ನಿಂತವರು ಭಾರತದ ಖಲಾಸಿಗಳು, ಸಂಬಳ ಯುರೋಪಿನವರಿಗಿಂತ ಬಹಳ ಕಡಿಮೆ.

ಕೊನೆಯ ಪ್ರಶ್ನೆ: ಏಕೆ ಕಣ್ಮರೆಯಾದವು? ವಿಮಾನ ಬಂತು, ಹಡಗು ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಅದು 1950ರ ದಶಕದ ಕಥೆ. ಪೆಟ್ಟು ಬಿದ್ದದ್ದು ಅದಕ್ಕೂ ಮೊದಲೇ, ವಾಷಿಂಗ್ಟನ್ನಿನಲ್ಲಿ. 1921ರಲ್ಲಿ, ಮತ್ತೆ ಇನ್ನೂ ಬಿಗಿಯಾಗಿ 1924ರಲ್ಲಿ ಅಮೆರಿಕ ವಲಸೆಗೆ ಮಿತಿ ಹಾಕಿತು. ದಶಲಕ್ಷ ದಾಟುತ್ತಿದ್ದ ಸಂಖ್ಯೆಗೆ ಎದುರಾಗಿ, ಮಿತಿಗೆ ಒಳಪಟ್ಟ ದೇಶಗಳಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 1.65 ಲಕ್ಷ. ತಳದ ಅಂತಸ್ತುಗಳು ಖಾಲಿಯಾದವು. ಕಂಪನಿಗಳು ಅದೇ ಕೋಣೆಗಳಿಗೆ ಹೊಸ ಬಣ್ಣ ಬಳಿದು 'ಪ್ರವಾಸಿ ದರ್ಜೆ' ಎಂದು ಹೆಸರಿಟ್ಟು ಅಮೆರಿಕದ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಮಾರಿದವು. ಒಲೆಗಳಿಗೆ ಕಲ್ಲಿದ್ದಲಿನ ಬದಲು ಎಣ್ಣೆ ಬಂದು, ನೂರಾರು ಜನರ ಕೆಲಸ ಕೆಲವು ಹತ್ತು ಜನರ ಕೈಗೆ ಹೋಯಿತು. 1929ರ ಆರ್ಥಿಕ ಕುಸಿತ ಸಿರಿವಂತರನ್ನೂ ಕಿತ್ತುಕೊಂಡಿತು.

ಆಗ ಉಳಿದದ್ದು ಮತ್ತೆ ಸರ್ಕಾರವೇ. ಕ್ಯೂನಾರ್ಡ್‌ನ ಹೊಸ ಹಡಗಿನ ಕೆಲಸ 1931ರಲ್ಲಿ ಅರ್ಧಕ್ಕೆ ನಿಂತು, ಎರಡು ವರ್ಷಕ್ಕೂ ಹೆಚ್ಚು ಕಾಲ ಕ್ಲೈಡ್ ನದಿಯ ದಡದಲ್ಲಿ ತುಕ್ಕು ಹಿಡಿಯಿತು. ಹಳೆಯ ಎದುರಾಳಿ ವೈಟ್ ಸ್ಟಾರ್ ಜೊತೆ ಒಂದಾದರೆ ಮಾತ್ರ ಸಾಲ ಎಂದು ಸರ್ಕಾರ ಷರತ್ತು ಹಾಕಿತು. 1934ರಲ್ಲಿ ಎರಡೂ ಒಂದಾದವು. ಆ ಹಡಗೇ 'ಕ್ವೀನ್ ಮೇರಿ'. ಅದು ನೀರಿಗಿಳಿದದ್ದು 1934ರ ಸೆಪ್ಟೆಂಬರ್ 26ರಂದು. ಅದೇ ದಿನ ಮಾರಿಟೇನಿಯಾ ತನ್ನ ಕೊನೆಯ ಅಟ್ಲಾಂಟಿಕ್ ಯಾನಕ್ಕೆ ನ್ಯೂಯಾರ್ಕ್ ಬಿಟ್ಟಿತು.

ಮರುವರ್ಷ ಸೌತಾಂಪ್ಟನ್‌ನಲ್ಲಿ ಅದರ ಒಳಾಂಗಣವನ್ನು ಬಿಡಿಬಿಡಿಯಾಗಿ ಹರಾಜು ಹಾಕಿ, ಹಡಗನ್ನು ರೋಸೈತ್‌ನಲ್ಲಿ ಒಡೆದರು. ಕೆತ್ತನೆಯ ಫಲಕಗಳಲ್ಲಿ ಕೆಲವು ಬ್ರಿಸ್ಟಲ್ ನಗರದ ಪಾರ್ಕ್ ಸ್ಟ್ರೀಟಿನ ಬಾರೊಂದರ ಗೋಡೆ ಸೇರಿದವು. ಒಲಿಂಪಿಕ್‌ನ ಮರಗೆಲಸ ಇಂಗ್ಲೆಂಡಿನ ಆನ್ವಿಕ್ ಊರಿನ ವೈಟ್ ಸ್ವಾನ್ ಹೋಟೆಲಿಗೆ ಹೋಯಿತು. ಕ್ವೀನ್ ಮೇರಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ 1967ರಿಂದ ಲಂಗರು ಹಾಕಿ ನಿಂತಿದೆ. ಇವೆಲ್ಲ ನೋಡತಕ್ಕವೇ. ಆದರೆ ನಿಮಗೆ ಯುರೋಪಿಗೆ ಹೋಗುವ ಅವಕಾಶ ಸಿಕ್ಕರೆ, ಹ್ಯಾಂಬರ್ಗ್‌ನ ಫೆಡೆಲ್‌ಗೂ ತಪ್ಪದೆ ಹೋಗಿ. ಬಾಲಿನ್ ಕಟ್ಟಿಸಿದ್ದ ಆ ಸಾಲುಮನೆಗಳ ಜಾಗದಲ್ಲಿ ಈಗ ಸಂಗ್ರಹಾಲಯವಿದೆ. ಎರಡು ಸಾಲು ಹಾಸಿಗೆಗಳ ನಡುವೆ ಸ್ವಲ್ಪ ಹೊತ್ತು ನಿಲ್ಲಿ. ನೀವು ಚಿತ್ರದಲ್ಲಿ ಕಂಡ ಮೆಟ್ಟಿಲನ್ನು ಎಂದೂ ಹತ್ತದೆ ಆ ಹಡಗುಗಳಲ್ಲಿ ಸಾಗರ ದಾಟಿದವರು ತಮ್ಮ ಕೊನೆಯ ಯುರೋಪಿನ ರಾತ್ರಿಯನ್ನು ಕಳೆದದ್ದು ಇಂಥ ಕೋಣೆಗಳಲ್ಲಿ.